ಮೂರೆಳೆಯ ಹಗ್ಗವನ್ನು ಕಂಡ ವಿಜ್ಞಾನಿ: ಜಿ. ಎನ್. ರಾಮಚಂದ್ರನ್

ಪ್ರಥಮ ಪಿಯುಸಿ ಜೀವಶಾಸ್ತ್ರ ಪಠ್ಯಪುಸ್ತಕದಲ್ಲಿ ಜೀವಕೋಶದ ಕುರಿತ ಘಟಕ ಶುರುವಾಗುವ ಜಾಗದಲ್ಲಿ ಒಬ್ಬ ವಿಜ್ಞಾನಿಯ ಚಿತ್ರ ಮತ್ತು ಅವರ ಬಗ್ಗೆ ಕೆಲವು ಸಾಲುಗಳಿವೆ. ಪರೀಕ್ಷೆಗೆ ಬರುವುದಿಲ್ಲ ಎಂಬ ಕಾರಣಕ್ಕೆ ನಮ್ಮಲ್ಲಿ ಹೆಚ್ಚಿನವರು ಆ ಪುಟವನ್ನು ಓದದೆಯೇ ತಿರುವುತ್ತೇವೆ. ಆ ಚಿತ್ರದಲ್ಲಿರುವವರು ಜಿ. ಎನ್. ರಾಮಚಂದ್ರನ್. ಇಂದು ಮೊಬೈಲ್ ತೆರೆದರೆ ಸಾಕು, ಮುಖಕ್ಕೆ ಹಚ್ಚುವ ಕ್ರೀಮು, ನೀರಿಗೆ ಬೆರೆಸಿ ಕುಡಿಯುವ ಪುಡಿ, ಕೂದಲಿಗೆ ಹಾಕುವ ಸೀರಮ್ ಎಲ್ಲದರ ಮೇಲೂ ಕೊಲಾಜೆನ್ ಎಂಬ ಹೆಸರು ಕಾಣುತ್ತದೆ. ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆ ಹೊದಿಸುವ ತೆಳು ಹಾಳೆಯೂ ಅದರಿಂದಲೇ ಆಗಿರಬಹುದು. ಈ ಕೊಲಾಜೆನ್ನಿನ ಒಳಗಿನ ಆಕಾರ ಹೇಗಿದೆ ಎಂಬುದನ್ನು ಜಗತ್ತಿಗೆ ಮೊದಲು ತೋರಿಸಿದ್ದು ಮದ್ರಾಸಿನ ಒಂದು ಪ್ರಯೋಗಾಲಯ. ಅದನ್ನು ನಡೆಸಿದವರು ಈ ರಾಮಚಂದ್ರನ್. ನಮ್ಮಲ್ಲಿ ಹೆಚ್ಚಿನವರು ಹುಟ್ಟುವ ಮೊದಲೇ ತೀರಿಕೊಂಡ ಅವರ ಬದುಕನ್ನು ಒಮ್ಮೆ ಓದಿ ನೋಡೋಣ.

ಬಾಲ್ಯ ಮತ್ತು ಬೆಂಗಳೂರು

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೊಚ್ಚಿಯ ಎರ್ನಾಕುಳಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಹೀಗಾಗಿ ಲೆಕ್ಕ ಅವರಿಗೆ ಮನೆಯಲ್ಲೇ ಸಿಕ್ಕಿದ ವಿದ್ಯೆ. ಮುಂದೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಯಾವುದನ್ನೇ ಕೈಗೆತ್ತಿಕೊಂಡರೂ ಗಣಿತವೇ ಅವರ ಮುಖ್ಯ ಆಯುಧವಾಗಿ ಉಳಿಯಿತು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿ, 1942ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎಸ್ಸಿ. ಆನರ್ಸ್ ಭೌತಶಾಸ್ತ್ರದಲ್ಲಿ ಮೊದಲ ಸ್ಥಾನ ಪಡೆದರು.

ಅದೇ ವರ್ಷ ಅವರು ಬೆಂಗಳೂರಿಗೆ ಬಂದರು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಮನಸ್ಸು ಭೌತಶಾಸ್ತ್ರದ ಕಡೆಗಿತ್ತು. ಆ ವಿಭಾಗದಲ್ಲಿ ಆಗ ಸರ್ ಸಿ. ವಿ. ರಾಮನ್ ಪ್ರಾಧ್ಯಾಪಕರಾಗಿದ್ದರು. ಹುಡುಗನ ಬುದ್ಧಿಯನ್ನು ಗುರುತಿಸಿದ ರಾಮನ್ ಅವನನ್ನು ತಮ್ಮ ವಿಭಾಗಕ್ಕೇ ಎಳೆದುಕೊಂಡರು. ಹೀಗೆ ಇಂಜಿನಿಯರ್ ಆಗಬೇಕಿದ್ದವರು ಭೌತವಿಜ್ಞಾನಿಯಾದರು. ಬೆಳಕು ಮತ್ತು ಹರಳುಗಳ ಬಗ್ಗೆ, ಅದರಲ್ಲೂ ವಜ್ರದ ಬಗ್ಗೆ, ಅವರು ಇಲ್ಲಿ ಕೆಲಸ ಮಾಡಿದರು. ಕ್ಷ-ಕಿರಣವನ್ನು ಹರಳಿನ ಮೇಲೆ ಬಿಟ್ಟು, ಅದು ಚದುರಿ ಮೂಡಿಸುವ ಚುಕ್ಕೆಗಳಿಂದ ಒಳಗಿನ ಪರಮಾಣುಗಳ ಜೋಡಣೆಯನ್ನು ಊಹಿಸುವ ವಿದ್ಯೆ ಅವರಿಗೆ ಒಲಿದದ್ದು ಬೆಂಗಳೂರಿನಲ್ಲೇ.

1947ರಲ್ಲಿ ಅವರು ಕೇಂಬ್ರಿಡ್ಜ್‌ಗೆ ಹೋದರು. ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿ 1949ರಲ್ಲಿ ಪಿಎಚ್.ಡಿ. ಮುಗಿಸಿದರು. ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಅವರನ್ನು ಭೇಟಿಯಾದದ್ದು ಅಲ್ಲಿಯೇ. ಪ್ರೋಟೀನಿನ ಸರಪಳಿಯು ಸುರುಳಿಯಾಗಿ ಸುತ್ತಿಕೊಳ್ಳುವುದನ್ನು ಪೌಲಿಂಗ್ ಮಾದರಿ ಕಟ್ಟಿ ತೋರಿಸಿದ ರೀತಿ ರಾಮಚಂದ್ರನ್ ಅವರ ಮೇಲೆ ಆಳವಾದ ಪ್ರಭಾವ ಬೀರಿತು. ಓದು ಮುಗಿದ ಮೇಲೆ ಅವರು ಮತ್ತೆ ಬೆಂಗಳೂರಿಗೆ ಮರಳಿ ಸಹಾಯಕ ಪ್ರಾಧ್ಯಾಪಕರಾದರು.

ಮದ್ರಾಸಿನ ಕರೆ

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹೊಸ ಭೌತಶಾಸ್ತ್ರ ವಿಭಾಗ ಕಟ್ಟಲು ಹೊರಟಿತ್ತು. ಕುಲಪತಿ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಮೊದಲು ಕೇಳಿದ್ದು ರಾಮನ್ ಅವರನ್ನೇ. ರಾಮನ್ ಒಪ್ಪಲಿಲ್ಲ, ತಮ್ಮ ಬದಲು ಶಿಷ್ಯನ ಹೆಸರನ್ನು ಸೂಚಿಸಿದರು. ಹೀಗೆ ಮೂವತ್ತರ ಹೊಸ್ತಿಲಲ್ಲಿದ್ದ ಯುವಕ ಒಂದು ವಿಭಾಗದ ಮುಖ್ಯಸ್ಥರಾದರು.

ಹೊಸ ಕುರ್ಚಿ ಸಿಕ್ಕಿತು, ಆದರೆ ಯಾವ ಪ್ರಶ್ನೆಯನ್ನು ಹಿಡಿಯುವುದು? ಆ ದಿನಗಳಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಮದ್ರಾಸಿಗೆ ಬಂದಿದ್ದರು. ಮಾತಿನ ನಡುವೆ ಕೊಲಾಜೆನ್ನಿನ ವಿಷಯ ಬಂತು. ಅದರ ರಚನೆಯ ಬಗ್ಗೆ ಹಲವರು ಹಲವು ಮಾದರಿ ಮುಂದಿಟ್ಟಿದ್ದರೂ ಯಾವುದೂ ಸರಿಹೊಂದಿಲ್ಲ ಎಂದು ಬರ್ನಾಲ್ ತಿಳಿಸಿದರು. ಪೌಲಿಂಗ್ ಕೂಡ 1951ರಲ್ಲಿ ಒಂದು ಮಾದರಿ ಕೊಟ್ಟಿದ್ದರು, ಅದೂ ತಪ್ಪಾಗಿತ್ತು. ಪೌಲಿಂಗರಿಗೇ ದಕ್ಕದ ಪ್ರಶ್ನೆಯನ್ನು ರಾಮಚಂದ್ರನ್ ಎತ್ತಿಕೊಂಡರು.

ಇಲ್ಲಿ ಒಂದು ಅನುಕೂಲ ಒದಗಿತು. ವಿಶ್ವವಿದ್ಯಾಲಯದ ನೆರೆಯಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಚರ್ಮ ಹದ ಮಾಡುವುದೆಂದರೆ ಮೂಲತಃ ಕೊಲಾಜೆನ್ನನ್ನು ಕೊಳೆಯದಂತೆ ಗಟ್ಟಿ ಮಾಡುವುದೇ. ಹಾಗಾಗಿ ಕೊಲಾಜೆನ್ ಬಲ್ಲವರು ಪಕ್ಕದಲ್ಲೇ ಇದ್ದರು, ಮಾದರಿಗಳೂ ಸಿಕ್ಕವು. ಕಾಂಗರೂ ಬಾಲದ ಸ್ನಾಯುರಜ್ಜುವಿನ ಕೊಲಾಜೆನ್ ಬಹಳ ಶಿಸ್ತಾಗಿ ಜೋಡಣೆಯಾಗಿರುವುದರಿಂದ ಅದರ ಮೇಲೆ ಬಿದ್ದ ಕ್ಷ-ಕಿರಣ ಸ್ಪಷ್ಟ ಚಿತ್ರ ಕೊಟ್ಟಿತು. ಗೋಪಿನಾಥ್ ಕರ್ತಾ ಎಂಬ ಯುವ ಸಂಶೋಧಕರು ರಾಮಚಂದ್ರನ್ ಅವರ ಜೊತೆಗಾರರಾದರು.

ಪ್ರತಿ ಮೂರನೆಯದು ಗ್ಲೈಸಿನ್

ಕೊಲಾಜೆನ್ ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಿದೆ. ಚರ್ಮ, ಎಲುಬು, ಮೃದ್ವಸ್ಥಿ, ಸ್ನಾಯುರಜ್ಜು, ರಕ್ತನಾಳದ ಗೋಡೆ ಎಲ್ಲ ಕಡೆಯೂ ಅದೇ ಹಿಡಿದು ನಿಲ್ಲಿಸುವ ಕಂಬ. ಅದನ್ನು ಒಡೆದು ನೋಡಿದ ರಸಾಯನ ವಿಜ್ಞಾನಿಗಳಿಗೆ ಒಂದು ವಿಚಿತ್ರ ಕಂಡಿತ್ತು: ಅದರ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗ್ಲೈಸಿನ್. ಗ್ಲೈಸಿನ್ ಎಂದರೆ ಅಮೈನೋ ಆಮ್ಲಗಳಲ್ಲೇ ಅತಿ ಚಿಕ್ಕದು, ಅದರ ಪಕ್ಕದ ಕೊಂಡಿಯಲ್ಲಿ ಇರುವುದು ಒಂದೇ ಒಂದು ಹೈಡ್ರೋಜನ್.

ಈ ಮೂರನೇ ಒಂದು ಭಾಗ ಆಕಸ್ಮಿಕವಲ್ಲ ಎಂದು ರಾಮಚಂದ್ರನ್ ಮತ್ತು ಕರ್ತಾ ಯೋಚಿಸಿದರು. ಮೂರು ಸರಪಳಿಗಳು ಒಟ್ಟಿಗೆ ಹೆಣೆದುಕೊಂಡರೆ ಅವುಗಳ ನಡುವೆ ಉಳಿಯುವ ಜಾಗ ಬಹಳ ಇಕ್ಕಟ್ಟು. ಆ ಇಕ್ಕಟ್ಟಿನಲ್ಲಿ ಕೂರಲು ಅತಿ ಚಿಕ್ಕವನಿಗೆ ಮಾತ್ರ ಸಾಧ್ಯ. ಆದ್ದರಿಂದ ಪ್ರತಿ ಸರಪಳಿಯಲ್ಲೂ ಪ್ರತಿ ಮೂರನೇ ಸ್ಥಾನದಲ್ಲಿ ಗ್ಲೈಸಿನ್ ಇರಲೇಬೇಕು. 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರ ಮೂರೆಳೆಯ ಮಾದರಿ ಪ್ರಕಟವಾಯಿತು. ಮರುವರ್ಷ ಅವರೇ ಅದನ್ನು ತಿದ್ದಿದರು: ಮೂರು ಎಳೆಗಳು ಅಕ್ಕಪಕ್ಕ ನೇರ ನಿಂತಿಲ್ಲ, ಹುರಿಹಗ್ಗದಂತೆ ಒಂದರ ಸುತ್ತ ಒಂದು ತಿರುಚಿಕೊಂಡಿವೆ ಎಂದರು. ಡಿಎನ್‌ಎ ಎರಡೆಳೆಯ ಸುರುಳಿ ಎಂದು ವಾಟ್ಸನ್ ಮತ್ತು ಕ್ರಿಕ್ ಹೇಳಿ ಆಗಿನ್ನೂ ಮೂರು ವರ್ಷವೂ ಆಗಿರಲಿಲ್ಲ.

ಈ ನಿಯಮ ಎಷ್ಟು ಕಟ್ಟುನಿಟ್ಟು ಎಂಬುದು ಒಂದು ಕಾಯಿಲೆಯಿಂದ ತಿಳಿಯುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಎಲುಬು ಗಾಜಿನಂತೆ ಮುರಿಯುತ್ತಿರುತ್ತದೆ. ಅವರಲ್ಲಿ ಹಲವರ ಕೊಲಾಜೆನ್ ಪರೀಕ್ಷಿಸಿದಾಗ ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದೇ ಒಂದು ಗ್ಲೈಸಿನ್ ಜಾಗಕ್ಕೆ ದೊಡ್ಡದೊಂದು ಅಮೈನೋ ಆಮ್ಲ ಬಂದು ಕೂತಿರುವುದು ಕಂಡಿದೆ. ಒಂದು ಕೊಂಡಿ ತಪ್ಪಿದರೆ ಹಗ್ಗವೇ ಸಡಿಲ.

ಟೀಕೆ ಬಂತು

ಇಷ್ಟಕ್ಕೆ ಕತೆ ಸುಖವಾಗಿ ಮುಗಿಯಲಿಲ್ಲ. 1955ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಇದೇ ವಿಷಯದ ಮೇಲೆ ತಮ್ಮ ಮಾದರಿಯನ್ನು ಪ್ರಕಟಿಸಿದರು. ಮೂರು ಎಳೆಗಳ ಹಂದರವನ್ನು ಅವರೂ ಒಪ್ಪಿದರು. ಆದರೆ ಪ್ರತಿ ಮೂರು ಅಮೈನೋ ಆಮ್ಲಕ್ಕೆ ಎರಡು ಹೈಡ್ರೋಜನ್ ಬಂಧಗಳಿವೆ ಎಂಬ ಮದ್ರಾಸಿನ ಮಾತನ್ನು ಒಪ್ಪಲಿಲ್ಲ. ಹಾಗಿದ್ದರೆ ಕೆಲವು ಪರಮಾಣುಗಳು ಒಂದಕ್ಕೊಂದು ಅತಿ ಹತ್ತಿರ ಬಂದುಬಿಡುತ್ತವೆ, ಅದು ಅಸಾಧ್ಯ, ಬಂಧ ಒಂದೇ ಇರಬೇಕು ಎಂಬುದು ಅವರ ವಾದ. ಕೇಂಬ್ರಿಡ್ಜ್‌ನಿಂದ, ಅದೂ ಕ್ರಿಕ್ ಅವರಂಥ ಹೆಸರಾಂತರಿಂದ ಬಂದ ಟೀಕೆ ಅದು. ಕೊಲಾಜೆನ್ ರಚನೆಯ ಗೌರವ ಯಾರಿಗೆ ಎಷ್ಟು ಸಲ್ಲಬೇಕು ಎಂಬ ಚರ್ಚೆ ಆಮೇಲೆ ಬಹಳ ಕಾಲ ನಡೆಯಿತು.

ಇಂಥ ಹೊತ್ತಿನಲ್ಲಿ ಮನುಷ್ಯ ಎರಡು ದಾರಿ ಹಿಡಿಯಬಹುದು: ಮನನೊಂದು ಸುಮ್ಮನಾಗುವುದು, ಇಲ್ಲವೇ ಹಟ ಹಿಡಿದು ಜಗಳವಾಡುವುದು. ರಾಮಚಂದ್ರನ್ ಮೂರನೇ ದಾರಿ ಹಿಡಿದರು. ಅತಿ ಹತ್ತಿರ ಎನ್ನುತ್ತಾರಲ್ಲ, ಹಾಗಾದರೆ ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು ಎಂಬುದನ್ನೇ ಅವರು ಪ್ರಶ್ನೆಯಾಗಿ ತೆಗೆದುಕೊಂಡರು. ಅಲ್ಲಿಯವರೆಗೆ ಗೊತ್ತಿದ್ದ ಚಿಕ್ಕ ಹರಳುಗಳ ರಚನೆಗಳನ್ನು ಒಂದೊಂದಾಗಿ ತೆಗೆದು, ಯಾವ ಪರಮಾಣುವಿಗೂ ಯಾವ ಪರಮಾಣುವಿಗೂ ನಡುವೆ ಕನಿಷ್ಠ ಎಷ್ಟು ಅಂತರವಿದೆ ಎಂದು ಪಟ್ಟಿ ಮಾಡಿದರು. ಆ ಪಟ್ಟಿಯನ್ನು ಕೊಲಾಜೆನ್ನಿಗಷ್ಟೇ ಅಲ್ಲ, ಯಾವುದೇ ಪ್ರೋಟೀನ್ ಸರಪಳಿಗೂ ಹೊಂದಿಸಬಹುದು ಎಂದು ಅವರಿಗೆ ಹೊಳೆಯಿತು.

ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯೂ ಮುಖ್ಯವಾಗಿ ಎರಡು ಕೀಲುಗಳಲ್ಲಿ ತಿರುಗುತ್ತದೆ. ಆ ಎರಡು ಕೋನಗಳ ಹೆಸರು ಫೈ ಮತ್ತು ಸೈ. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಗುರುತಿಸಿ ಗ್ರಾಫ್ ಹಾಕಿದರೆ ಸರಪಳಿಯ ಎಲ್ಲ ಸಾಧ್ಯ ತಿರುವುಗಳೂ ಒಂದೇ ಹಾಳೆಯಲ್ಲಿ ಬರುತ್ತವೆ. ಅದರಲ್ಲಿ ಪರಮಾಣುಗಳು ಡಿಕ್ಕಿಯಾಗುವ ಜಾಗಗಳನ್ನು ಅಳಿಸಿದರೆ ಹಾಳೆಯ ಬಹುಪಾಲು ಖಾಲಿಯಾಗಿ, ಕೆಲವೇ ದ್ವೀಪಗಳು ಉಳಿಯುತ್ತವೆ. ಪ್ರಕೃತಿಯ ಪ್ರೋಟೀನುಗಳು ಹೆಚ್ಚುಕಡಿಮೆ ಆ ದ್ವೀಪಗಳಲ್ಲೇ ವಾಸಿಸುತ್ತವೆ. ಇಂದಿನ ಕಂಪ್ಯೂಟರುಗಳಿಲ್ಲದ ಕಾಲದಲ್ಲಿ, ಮೇಜಿನ ಮೇಲಿನ ಲೆಕ್ಕದ ಯಂತ್ರ ಹಿಡಿದು ಮಾಡಿದ ಕೆಲಸ ಇದು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಸೇರಿ ಅವರು ಇದನ್ನು 1963ರಲ್ಲಿ ಪ್ರಕಟಿಸಿದರು. ರಾಮಚಂದ್ರನ್ ನಕ್ಷೆ ಎಂದು ಜಗತ್ತು ಕರೆಯುವುದು ಇದನ್ನೇ. ಇಂದಿಗೂ ಎಲ್ಲಿ ಹೊಸ ಪ್ರೋಟೀನಿನ ರಚನೆ ಕಂಡುಹಿಡಿದರೂ ಅದು ಸರಿಯೇ ಎಂದು ಪರೀಕ್ಷಿಸಲು ಈ ನಕ್ಷೆಯ ಮೇಲೆ ಇಟ್ಟು ನೋಡುತ್ತಾರೆ.

ಹೈಡ್ರೋಜನ್ ಬಂಧದ ಮಾತಿನಲ್ಲಿ ಯಾರು ಗೆದ್ದರು? 1994ರಲ್ಲಿ ಕೊಲಾಜೆನ್ನಿನಂಥ ಒಂದು ಚಿಕ್ಕ ಸರಪಳಿಯ ಹರಳಿನ ರಚನೆ ಸ್ಪಷ್ಟವಾಗಿ ಸಿಕ್ಕಿತು. ನೇರ ಬಂಧ ಒಂದೇ ಎಂದು ಅದು ತೋರಿಸಿತು. ಆ ಅಂಶದಲ್ಲಿ ಟೀಕಾಕಾರರ ಮಾತು ಸರಿ. ಆದರೆ ಎಳೆಗಳ ಸುತ್ತ ನೀರಿನ ಅಣುಗಳು ಸೇತುವೆಯಂತೆ ನಿಂತು ಹಗ್ಗವನ್ನು ಹಿಡಿದಿರುವುದೂ ಕಂಡಿತು. ನೀರಿನ ಮೂಲಕ ಬಂಧ ಇರಬಹುದೆಂದು ರಾಮಚಂದ್ರನ್ 1968ರಲ್ಲೇ ಸೂಚಿಸಿದ್ದರು. ಮೂರೆಳೆ ಮತ್ತು ಗ್ಲೈಸಿನ್ ನಿಯಮ ಮಾತ್ರ ಮದ್ರಾಸಿನಲ್ಲಿ ಹೇಳಿದಂತೆಯೇ ನಿಂತಿದೆ.

ಮತ್ತೆ ಬೆಂಗಳೂರಿಗೆ

1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಅಲ್ಲಿ ಅಣು ಜೀವಭೌತಶಾಸ್ತ್ರ ಘಟಕವನ್ನು ಕಟ್ಟಿದರು. ಅದು ಇಂದಿಗೂ ನಮ್ಮ ರಾಜ್ಯದ ಹೆಮ್ಮೆಯ ಸಂಶೋಧನಾ ಕೇಂದ್ರಗಳಲ್ಲಿ ಒಂದು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಇನ್ನೊಂದು ದೊಡ್ಡ ಕೆಲಸ ಪ್ರಕಟಿಸಿದರು. ಹಲವು ದಿಕ್ಕುಗಳಿಂದ ತೆಗೆದ ನೆರಳು ಚಿತ್ರಗಳಿಂದ ವಸ್ತುವಿನ ಒಳಭಾಗವನ್ನು ಮರಳಿ ಕಟ್ಟುವ ವೇಗದ ಗಣಿತ ವಿಧಾನ ಅದು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಯಂತ್ರಗಳ ಲೆಕ್ಕಕ್ಕೆ ಈ ದಾರಿ ಬಹಳ ನೆರವಾಯಿತು.

ಕೊಲಾಜೆನ್ ಎಲ್ಲೆಲ್ಲಿ ತಲುಪಿತು?

ಅವರು ಕಂಡ ಹಗ್ಗದ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ಅನೇಕ ಪ್ರಶ್ನೆಗಳಿಗೆ ನಾವೇ ಉತ್ತರ ಹೇಳಬಹುದು.

ಮೊದಲು ಅಡುಗೆಮನೆ. ಕುರಿ ಕಾಲಿನ ಪಾಯಾವನ್ನು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಕುದಿಸಿದರೆ ಸಾರು ಅಂಟಂಟಾಗುತ್ತದೆ, ತಣ್ಣಗಾದರೆ ಗಟ್ಟಿಯಾಗಿ ಅಲುಗಾಡುತ್ತದೆ. ಬಿಸಿಗೆ ಮೂರೆಳೆಯ ಹಗ್ಗ ಬಿಚ್ಚಿಹೋಗಿ ಕೊಲಾಜೆನ್ ಜಿಲೆಟಿನ್ ಆಗುತ್ತದೆ. ಜೆಲ್ಲಿ ಮಿಠಾಯಿ, ಔಷಧದ ಕ್ಯಾಪ್ಸೂಲಿನ ಕವಚ ಎಲ್ಲ ಇದರಿಂದಲೇ. ಇದನ್ನು ದನ, ಹಂದಿ, ಮೀನು ಯಾವುದರಿಂದಲೂ ತೆಗೆಯಬಹುದು. ಹಾಗಾಗಿ ಆಹಾರದಲ್ಲಿ ಹಲಾಲ್ ನೋಡುವವರಾಗಲಿ, ಮಾಂಸವನ್ನೇ ಮುಟ್ಟದವರಾಗಲಿ ಮೂಲ ಯಾವುದು ಎಂದು ಕೇಳುವುದು ಸಹಜ. ಸಸ್ಯಮೂಲದ ಕ್ಯಾಪ್ಸೂಲುಗಳೂ ಇವೆ. ಲೇಬಲ್ ಓದುವ ಅಭ್ಯಾಸ ಎಲ್ಲರಿಗೂ ಒಳ್ಳೆಯದು.

ಎರಡನೆಯದು ಸೌಂದರ್ಯವರ್ಧಕ. ಕೊಲಾಜೆನ್ನಿನ ಒಂದು ಅಣು ಸುಮಾರು 300 ನ್ಯಾನೋಮೀಟರ್ ಉದ್ದ. ಚರ್ಮದ ಹೊರಪದರ ದಾಟಿ ಒಳಹೋಗಲು ಅದು ತೀರಾ ದೊಡ್ಡದು. ಆದ್ದರಿಂದ ಕ್ರೀಮಿನಲ್ಲಿರುವ ಕೊಲಾಜೆನ್ ಮೇಲೆಯೇ ಕೂತು ನೀರನ್ನು ಹಿಡಿದಿಡುತ್ತದೆ, ಚರ್ಮ ನುಣುಪಾಗಿ ಕಾಣುತ್ತದೆ. ಅಷ್ಟು ಉಪಯೋಗ ನಿಜ. ಆದರೆ ಅದು ಒಳಗಿನ ಹಗ್ಗಗಳ ಜೊತೆ ಸೇರಿ ಸುಕ್ಕು ಹೋಗಲಾಡಿಸುತ್ತದೆ ಎಂಬುದು ಅದರ ಆಕಾರಕ್ಕೇ ಒಪ್ಪದ ಮಾತು. ಕುಡಿಯುವ ಪುಡಿಯಲ್ಲಿ ಕೊಲಾಜೆನ್ನನ್ನು ಮೊದಲೇ ಸಣ್ಣ ತುಂಡುಗಳಾಗಿ ಒಡೆದಿರುತ್ತಾರೆ. ಹೊಟ್ಟೆಗೆ ಹೋದ ಮೇಲೆ ಅದು ಇನ್ನಷ್ಟು ಒಡೆಯುತ್ತದೆ. ಚರ್ಮದ ತೇವ ಸ್ವಲ್ಪ ಹೆಚ್ಚಿತು ಎನ್ನುವ ಅಧ್ಯಯನಗಳಿವೆ, ಆದರೆ ಅವುಗಳಲ್ಲಿ ಹಲವಕ್ಕೆ ಹಣ ಕೊಟ್ಟವರು ಮಾರುವವರೇ. ಹದಿನೇಳು ವಯಸ್ಸಿನ ನಮ್ಮ ದೇಹ ತನಗೆ ಬೇಕಾದ ಕೊಲಾಜೆನ್ನನ್ನು ತಾನೇ ಹೆಣೆಯುತ್ತದೆ. ಅದಕ್ಕೆ ಬೇಕಾದದ್ದು ಬೇಳೆ, ಮೊಟ್ಟೆ, ಮೀನಿನಂಥ ಪ್ರೋಟೀನ್ ಮತ್ತು ವಿಟಮಿನ್ ಸಿ. ಎಳೆಗಳನ್ನು ಗಟ್ಟಿ ಮಾಡುವ ಹೈಡ್ರಾಕ್ಸಿಪ್ರೋಲಿನ್ ತಯಾರಾಗಲು ಈ ವಿಟಮಿನ್ ಬೇಕೇ ಬೇಕು. ಅದು ಸಿಗದೆ ಹಿಂದೆ ನಾವಿಕರಿಗೆ ಒಸಡು ಒಡೆದು ರಕ್ತ ಬರುವ ಸ್ಕರ್ವಿ ರೋಗ ಬರುತ್ತಿತ್ತು. ದುಬಾರಿ ಡಬ್ಬಿಗಿಂತ ಒಂದು ಪೇರಳೆ, ಒಂದು ನೆಲ್ಲಿಕಾಯಿ ನಮ್ಮ ಜೇಬಿಗೂ ಹಿತ.

ಮೂರನೆಯದು ವೈದ್ಯಕೀಯ. ಕೊಲಾಜೆನ್ನಿನ ನಿಜವಾದ ಸೇವೆ ಇರುವುದು ಇಲ್ಲಿ. 1981ರಲ್ಲಿ ಅಮೆರಿಕದಲ್ಲಿ ಶಸ್ತ್ರವೈದ್ಯ ಜಾನ್ ಬರ್ಕ್ ಮತ್ತು ವಿಜ್ಞಾನಿ ಇಯೊನಿಸ್ ಯಾನಸ್ ದನದ ಕೊಲಾಜೆನ್ನಿಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಸಕ್ಕರೆ ಸರಪಳಿ ಸೇರಿಸಿ, ಮೇಲೆ ಸಿಲಿಕೋನ್ ಪದರ ಹೊದಿಸಿ, ತೀವ್ರವಾಗಿ ಸುಟ್ಟವರ ಗಾಯಕ್ಕೆ ಹಾಕಿದ ಫಲಿತಾಂಶವನ್ನು ವರದಿ ಮಾಡಿದರು. ಆ ಜಾಲರಿಯೊಳಗೆ ರೋಗಿಯ ಸ್ವಂತ ಜೀವಕೋಶಗಳು ನುಗ್ಗಿ ಹೊಸ ಒಳಚರ್ಮ ಕಟ್ಟುತ್ತವೆ, ಜಾಲರಿ ನಿಧಾನವಾಗಿ ಕರಗುತ್ತದೆ. ಮದ್ರಾಸಿನ ಅದೇ ಚರ್ಮ ಸಂಶೋಧನಾ ಸಂಸ್ಥೆಯಲ್ಲೂ ಸುಟ್ಟಗಾಯಕ್ಕೆ ಹೊದಿಸುವ ಕೊಲಾಜೆನ್ ಹಾಳೆಗಳ ಕೆಲಸ ನಡೆಯಿತು. ಪ್ರಯೋಗಾಲಯಗಳಲ್ಲಿ ಜೀವಕೋಶ ಬೆಳೆಸುವ ತಟ್ಟೆಗಳಿಗೆ ಇಲಿ ಬಾಲದಿಂದ ತೆಗೆದ ಕೊಲಾಜೆನ್ ಲೇಪಿಸುತ್ತಾರೆ, ಏಕೆಂದರೆ ಬರಿಯ ಗಾಜು, ಪ್ಲಾಸ್ಟಿಕ್‌ಗಿಂತ ಅದು ಕೋಶಗಳಿಗೆ ದೇಹದ ಒಳಗಿನಂತೆ ಅನಿಸುತ್ತದೆ. 2019ರಲ್ಲಿ ಅಮೆರಿಕದ ಸಂಶೋಧಕರು ಕೊಲಾಜೆನ್ನನ್ನೇ ಶಾಯಿಯಂತೆ ಬಳಸಿ ಹೃದಯದ ಭಾಗಗಳನ್ನು ಮುದ್ರಿಸಿ ತೋರಿಸಿದರು.

ಕೊನೆಯ ದಿನಗಳು

ರಾಮಚಂದ್ರನ್ ಅವರಿಗೆ 1961ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ನೊಬೆಲ್ ಬರಲಿಲ್ಲ. ವಯಸ್ಸಾದಂತೆ ತರ್ಕಶಾಸ್ತ್ರ ಮತ್ತು ತತ್ವಶಾಸ್ತ್ರದ ಕಡೆ ಒಲವು ಹೆಚ್ಚಿತು. ಭಾರತೀಯ ತರ್ಕವನ್ನು ಗಣಿತದ ಭಾಷೆಯಲ್ಲಿ ಹೇಳಲು ಪ್ರಯತ್ನಿಸಿದರು. ಕೊನೆಯ ವರ್ಷಗಳು ಕಷ್ಟದವು. ಪಾರ್ಕಿನ್ಸನ್ ಕಾಯಿಲೆ ಅವರನ್ನು ಕುಗ್ಗಿಸಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 1999ರಲ್ಲಿ ಅಂತಾರಾಷ್ಟ್ರೀಯ ಹರಳುಶಾಸ್ತ್ರ ಒಕ್ಕೂಟ ಎವಾಲ್ಡ್ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. 2001ರ ಏಪ್ರಿಲ್ 7ರಂದು, ತಮ್ಮ 78ನೇ ವಯಸ್ಸಿನಲ್ಲಿ, ಚೆನ್ನೈನಲ್ಲಿ ಅವರು ಕಣ್ಣುಮುಚ್ಚಿದರು.

ಸ್ನೇಹಿತರೇ, ಈ ಬದುಕಿನಿಂದ ನಮಗೆ ಸಿಗುವುದು ಏನು? ದೊಡ್ಡ ಉಪಕರಣ ಇಲ್ಲ, ದೊಡ್ಡ ಊರಲ್ಲ ಎಂದು ಅವರು ಕಾಯುತ್ತ ಕೂರಲಿಲ್ಲ, ಪಕ್ಕದ ಚರ್ಮದ ಸಂಸ್ಥೆಯ ಬಾಗಿಲು ತಟ್ಟಿದರು. ತಪ್ಪು ತೋರಿಸಿದವರ ಮೇಲೆ ಸಿಟ್ಟಾಗುವ ಬದಲು ಆ ತಪ್ಪನ್ನೇ ಅಳೆಯಲು ಕೂತರು, ಅದರಿಂದ ಕೊಲಾಜೆನ್ನಿಗಿಂತ ದೊಡ್ಡ ನಿಯಮ ಹೊರಬಂತು. ಕಿರುಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಕಂಡಾಗ ನಾವೂ ಆ ಗೆರೆಯ ಕಾರಣವನ್ನು ಹುಡುಕಬಹುದು. ಚಂದದ ಬಾಟಲಿಯ ಮೇಲೆ ಕೊಲಾಜೆನ್ ಎಂಬ ಹೆಸರು ಕಂಡಾಗ, ಇದು ಯಾವುದರಿಂದ ಬಂತು, ಎಷ್ಟು ದೊಡ್ಡದು, ಹಚ್ಚಿದರೆ ಎಲ್ಲಿಯವರೆಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆ ಕೇಳಬಹುದು. ಅವುಗಳಿಗೆ ಉತ್ತರ ಹುಡುಕಲು ಬೇಕಾದ ವಿಜ್ಞಾನ ನಮ್ಮ ಚೀಲದಲ್ಲಿರುವ ಪುಸ್ತಕದಲ್ಲೇ ಇದೆ.